ಮೂರನೇ ಟ್ರೇಯಲ್ಲಿ ಒಂದು ಕಮ್ಮಿ

ಮಾರ್ಚ್ 4, ಬುಧವಾರ. ಬೆಳಿಗ್ಗೆ 11

ನಾಲ್ಕು ವಾಲ್ವ್ ಉಜ್ಜಿ ಆಯಿತು. ಇನ್ನು ನಾಲ್ಕು ಬಾಕಿ. ಕೈಯ ಸೀಮೆಎಣ್ಣೆ ವಾಸನೆ ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ. ಮೂವತ್ನಾಲ್ಕು ವರ್ಷ ಸ್ಪಿರಿಟ್ ವಾಸನೆ ಹೊತ್ತ ಕೈ, ಈಗ ಇದು. ಬೇಜಾರೇನಿಲ್ಲ.

ಶೆಡ್ಡಿನ ಬಾಗಿಲು ಪೂರ್ತಿ ತೆರೆದರೆ ಹನ್ನೊಂದರವರೆಗೂ ಬಿಸಿಲು ನೇರ ಮೇಜಿನ ಮೇಲೆ. ಲೈಟು ಬೇಡ. ಎಂಜಿನ್ನು ಸ್ಟ್ರೆಚರ್ ಟ್ರಾಲಿಯ ಮೇಲೆ ಮಲಗಿದೆ. ಟ್ರಾಲಿ, ಹನ್ನೆರಡು ಸ್ಟೀಲ್ ಟ್ರೇ, ಎರಡು ಬೇಸಿನ್ — ಎಲ್ಲ ಆಸ್ಪತ್ರೆಯ ಹರಾಜಿನಲ್ಲಿ ತಂದದ್ದು. ಮಗಳು ಮಾತ್ರ "ಅಮ್ಮ ರಿಟೈರ್ ಆಗುವಾಗ ಆಪರೇಷನ್ ಥಿಯೇಟರನ್ನೇ ಹೊತ್ಕೊಂಡು ಬಂದ್ಲು" ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ಇವರು ಸ್ಟೂಲಿನ ಮೇಲೆ ಕೂತು ಸ್ಪ್ರಿಂಗುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡುತ್ತಿದ್ದಾರೆ. ಯಾವುದು ದಣಿದಿದೆ, ಯಾವುದು ಇಲ್ಲ ಎಂದು ಒತ್ತಿದರೇ ಗೊತ್ತಾಗುತ್ತದಂತೆ. ಕಣ್ಣಿನ ನಡುಮಧ್ಯೆ ಬೂದು ಬೊಟ್ಟು ಬಂದು ಎರಡು ವರ್ಷ. ಅಂಚು ಕಾಣುತ್ತದೆ, ಎದುರಿಗಿದ್ದದ್ದು ಕಾಣುವುದಿಲ್ಲ. ಏನನ್ನಾದರೂ ನೋಡಬೇಕಾದರೆ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಾರೆ. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಮನುಷ್ಯ. ಈ ಪಟ್ಟಣದ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು. ನನಗೂ ಕಲಿಸಿದರು, ಬೈದೂ ಬೈದೂ. ಆದರೆ ಈ ಗಾಡಿಯ ಕೀ ಮಾತ್ರ ಯಾರ ಕೈಗೂ ಕೊಟ್ಟವರಲ್ಲ.

ಗಾಡಿ ಅಲ್ಲೇ ಗೋಡೆಗೆ ಒತ್ತಿಕೊಂಡು ನಿಂತಿದೆ. ಎರಡೇ ಸೀಟು, ಸೊಂಟದ ಎತ್ತರ, ಮೇಲೆ ಬಟ್ಟೆಯ ಸೂರು ಇದ್ದ ಜಾಗದಲ್ಲಿ ಬರೀ ಕಂಬಿ. ಮದುವೆಗೆ ಮುಂಚೆ ಬೆಟ್ಟದ ರೇಸಿಗೆ ಓಡುತ್ತಿತ್ತು. ಇಪ್ಪತ್ತಾರು ವರ್ಷ ಟಾರ್ಪಾಲಿನ ಕೆಳಗೆ. ಕಳೆದ ವರ್ಷ ತೆಗೆದು ನೋಡಿದಾಗ ಪಕ್ಕದ ಸೀಟಿನ ಸ್ಪಂಜಿನಲ್ಲಿ ಇಲಿಗಳು ಸಂಸಾರ ಹೂಡಿದ್ದವು.

ಓಡುವ ಹಾಗಾದ ದಿನ ಮೀಸೆ ಬಂದು ಒಯ್ಯುತ್ತಾನೆ. ಮೀಸೆ ಎಂದರೆ ರೇಸಿನ ಕಾಲದ ಇವರ ಜೊತೆಗಾರ, ಎದುರಾಳಿ, ಎರಡೂ. ಅವನ ಶೆಡ್ಡಿನಲ್ಲಿ ಇಂಥವು ಹನ್ನೊಂದು ಇವೆ. ಇವರೇ ಫೋನು ಮಾಡಿ ಮಾತು ಕೊಟ್ಟರು. "ಕಣ್ಣಿಲ್ಲದವನಿಗೆ ಗಾಡಿ ಯಾಕೆ? ಅವನಾದ್ರೆ ನೋಡ್ಕೋತಾನೆ" ಎಂದರು. ನಾನು ಹೂಂ ಎಂದೆ. ಬೇಡ ಎನ್ನಬೇಕಿತ್ತು. ಈಗ ಒಂದೊಂದು ವಾಲ್ವ್ ಹೊಳೆದ ಹಾಗೆಲ್ಲ ಗಾಡಿ ಗೇಟಿನ ಕಡೆ ಒಂದೊಂದು ಹೆಜ್ಜೆ ಇಟ್ಟ ಹಾಗಾಗುತ್ತದೆ. ಬಾಯಿಬಿಟ್ಟು ಹೇಳುವುದು ಹೇಗೆ? ಓಡಿಸಲಾಗದ ಗಾಡಿಯನ್ನು ದಿನಾ ಕಣ್ಣೆದುರು ಇಟ್ಟುಕೊಳ್ಳಿ ಎಂದರೆ ಅವರ ಎದೆ ಸುಟ್ಟ ಹಾಗೆ.

ಮಾರ್ಚ್ 9, ಸೋಮವಾರ

ಲೇತಿನವನ ಹತ್ತಿರ ಹೋಗಿ ಬಂದೆ. ಮೂರನೇ ಬೀದಿಯಲ್ಲಿ ಅವನ ವರ್ಕ್‌ಶಾಪು. ವಾಲ್ವ್ ಒತ್ತುವ ತೋಳುಗಳನ್ನು ಹೊರುವ ರಾಕರ್ ಶಾಫ್ಟ್ ಸವೆದಿದೆ, ಹೊಸದು ಕಡೆದು ಕೊಡಬೇಕು. ಗಾಜ್ ಬಟ್ಟೆಯಲ್ಲಿ ಸುತ್ತಿ, ಮೇಲೆ ಲೇಬಲ್ ಅಂಟಿಸಿ, ತಾರೀಖು ಹಾಕಿ ಕೊಟ್ಟೆ. ಅವನು ಬಿಚ್ಚಿ ನೋಡಿ, "ಸಿಸ್ಟರ್, ಇದಕ್ಕೆ ಡ್ರಿಪ್ ಏನಾದ್ರೂ ಹಾಕ್ಬೇಕಾ?" ಎಂದ.

"ಹಾಕ್ಬೇಡ. ನಾಳೆ ಸಂಜೆಗೆ ಡಿಸ್ಚಾರ್ಜ್ ಮಾಡು ಸಾಕು" ಎಂದೆ.

ಮೊದಲ ಸಲ ಹೋದಾಗ ನನ್ನನ್ನು ನೋಡಿಯೂ ಇವರ ಜೊತೆಗೇ ಮಾತಾಡಿದ್ದ ಆಸಾಮಿ. ಇವರು ನನ್ನ ಕಡೆ ಕೈ ತೋರಿಸಿ, "ಸರ್ಜನ್ ಅವರು. ನಾನು ಅಟೆಂಡರ್" ಎಂದಿದ್ದರು. ಅಂದಿನಿಂದ ನೇರ ನನಗೇ ಹೇಳುತ್ತಾನೆ. ನಾನೇನು ಸರ್ಜನ್ ಅಲ್ಲ. ಸರ್ಜನ್ನಿನ ಕೈಗೆ ಸರಿಯಾದದ್ದನ್ನು ಸರಿಯಾದ ಹೊತ್ತಿಗೆ ಇಡುವವಳು, ಕೊನೆಗೆ ಎಲ್ಲವನ್ನೂ ಎಣಿಸುವವಳು. ಶೆಡ್ಡಿನಲ್ಲೂ ಅದೇ ಕ್ರಮ. ಒಂದೊಂದು ಟ್ರೇಗೂ ನಂಬರು. ಬಿಚ್ಚುವಾಗ ಒಂದು ಎಣಿಕೆ, ಜೋಡಿಸುವ ಮುಂಚೆ ಒಂದು, ಮುಚ್ಚುವ ಮುಂಚೆ ಒಂದು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಇವರು ಮೊದಮೊದಲು ನಗುತ್ತಿದ್ದರು. ಈಗ "ಕೌಂಟ್ ಆಯ್ತಾ?" ಎಂದು ಅವರೇ ಕೇಳುತ್ತಾರೆ.

ಮಾರ್ಚ್ 10

ಶಾಫ್ಟ್ ಡಿಸ್ಚಾರ್ಜ್ ಆಗಲಿಲ್ಲ. ನಾಳೆಯಂತೆ.

ಮಾರ್ಚ್ 29, ಭಾನುವಾರ

ಮಗಳು ಬಂದಿದ್ದಳು. ಎರಡು ಬೀದಿ ಆಚೆ ಮನೆ, ಆದರೂ ಬರುವಾಗ ದೂರದ ನೆಂಟರ ಹಾಗೆ ಬ್ಯಾಗು ತುಂಬಾ ಬಿಸ್ಕತ್ತು. ಈಜು ಕಲಿಸುವ ಕೆಲಸ, ಹಾಗಾಗಿ ಮಾತೆಲ್ಲ ಕೊಳದ ಆಚೆ ದಡಕ್ಕೆ ಕೇಳುವಷ್ಟು ಜೋರು. ಗಾಡಿಗೆ ಕೆಂಪು ಹೊಡೆಸಿ ಎಂದು ಹಟ. ಇವರು ಮುಖ ಊದಿಸಿಕೊಂಡು, "ಅದು ಹುಟ್ಟಿದ್ದೇ ಹಸಿರು" ಎಂದರು.

"ನಿಮಗೆ ಹೇಗೂ ಸರಿಯಾಗಿ ಕಾಣಲ್ವಲ್ಲ ಅಪ್ಪ."

"ಕಾಣದಿದ್ರೂ ಹಸಿರೇ."

ಬೇರೆ ಯಾರಾದರೂ ಕಣ್ಣಿನ ವಿಷಯ ಎತ್ತಿದರೆ ಊಟ ಬಿಟ್ಟು ಏಳುವವರು, ಇವಳು ಅಂದರೆ ನಗುತ್ತಾರೆ. ಅವಳ ಬಾಯಿಗೆ ಆ ಲೈಸೆನ್ಸ್ ಇದೆ.

ಹೋಗುವಾಗ ಗೇಟಿನ ಹತ್ತಿರ ನನ್ನನ್ನು ಕೇಳಿದಳು. "ಗಾಡಿ ಹೋದ್ಮೇಲೆ ಏನು ಮಾಡ್ತೀಯ ಅಮ್ಮ? ಅಪ್ಪ ಏನು ಮಾಡ್ತಾರೆ?"

"ಮನೆ ಕೆಲಸ ಬೇಕಾದಷ್ಟಿದೆ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಸುಳ್ಳು ಹೇಳಲು ನನಗೆ ಎಂದೂ ಬಂದದ್ದಿಲ್ಲ.

ಒಳಗೆ ಬಂದು ಯೋಚಿಸಿದೆ. ಮೂವತ್ನಾಲ್ಕು ವರ್ಷದಲ್ಲಿ ನಾವಿಬ್ಬರೂ ಹಗಲು ಹೊತ್ತು ಒಟ್ಟಿಗೆ ಇದ್ದದ್ದು ಎಷ್ಟು? ನಾನು ಶಿಫ್ಟು ಮುಗಿಸಿ ಬರುವಾಗ ಇವರು ಕ್ಲಾಸಿಗೆ ಹೊರಡುತ್ತಿದ್ದರು. ಗೇಟಿನಲ್ಲೇ ಸಂಸಾರ. "ಹಾಲು ಕಾಸಿಟ್ಟಿದ್ದೀನಿ", "ಸಿಲಿಂಡರ್ ಬಂತು", ಇಷ್ಟೇ ಮಾತು. ಇವರು ಕೆಲಸ ಮಾಡುವಾಗ ಮೂಗಿನಲ್ಲೇ ಹಾಡಿಕೊಳ್ಳುತ್ತಾರೆ ಎಂದು ನನಗೆ ಗೊತ್ತಾದದ್ದು ಈ ಶೆಡ್ಡಿನಲ್ಲಿ. ಈ ಒಂದು ವರ್ಷ ನಾನು ಸುಖವಾಗಿದ್ದೇನೆ. ಬರೆದಿಡುತ್ತೇನೆ, ಯಾರು ಓದಬೇಕು?

ಏಪ್ರಿಲ್ 20, ಸೋಮವಾರ

ಮೂರು ವಾರ ಏನೂ ಬರೆದಿಲ್ಲ. ಇವರ ಕಣ್ಣಿಗೆ ಇಂಜೆಕ್ಷನ್, ಪಟ್ಟಿ, ಮತ್ತೆ ಇಂಜೆಕ್ಷನ್. ಕಣ್ಣಿನ ಡಾಕ್ಟರು ಹೊಸ ಹುಡುಗಿ, ಚುರುಕು. "ಇದ್ದದ್ದು ಉಳಿಯುತ್ತೆ. ಹೋದದ್ದು ಬರಲ್ಲ" ಎಂದಳು. ಸುತ್ತಿ ಬಳಸದೆ ಹೇಳಿದ್ದು ನನಗೆ ಹಿಡಿಸಿತು. ಇವರು ಮನೆಗೆ ಬಂದವರೇ ನೇರ ಶೆಡ್ಡಿಗೆ ಹೋಗಿ ಸ್ಟೂಲಿನ ಮೇಲೆ ಕೂತರು.

"ಇವತ್ತು ಏನು ಕೆಲಸ?"

ಪಿಸ್ಟನ್ನು ಹಾಕುವುದಿತ್ತು. ನಾಲ್ಕೂ ಹಾಕಿದೆವು. ಅವರು ರಿಂಗು ಒತ್ತಿ ಹಿಡಿದರು, ನಾನು ಮರದ ಸುತ್ತಿಗೆಯಿಂದ ತಟ್ಟಿದೆ. ನಾಲ್ಕನೆಯದು ಒಳಗೆ ಇಳಿದಾಗ "ಕೇಳಿಸ್ತಾ? ಸರಿಯಾಗಿ ಕೂತ ಸದ್ದು" ಎಂದರು. ನನಗೆ ನಾಲ್ಕೂ ಒಂದೇ ಸದ್ದು.

ಮೇ 6, ಬುಧವಾರ. ಮಧ್ಯಾಹ್ನ 3

ಇವತ್ತು ಎಂಜಿನ್ ಮುಚ್ಚಬೇಕಿತ್ತು. ಮುಚ್ಚಲಿಲ್ಲ.

ರಾಕರ್ ಶಾಫ್ಟಿನ ಸಾಮಾನೆಲ್ಲ ಮೂರನೇ ಟ್ರೇ. ಹಲಗೆಯ ಮೇಲೆ ನಲವತ್ತೊಂದು ಎಂದಿದೆ. ನಿನ್ನೆ ಸಂಜೆ ನಲವತ್ತೊಂದು. ಬೆಳಿಗ್ಗೆ ಜೋಡಿಸಿದೆ. ಮುಚ್ಚಳ ಹಾಕುವ ಮುಂಚೆ ಮತ್ತೆ ಎಣಿಸಿದರೆ — ಎಂಜಿನ್ ಮೇಲಿನದು, ಟ್ರೇಯಲ್ಲಿ ಉಳಿದದ್ದು, ಎರಡೂ ಸೇರಿ ನಲವತ್ತು. ಒಂದು ಸಣ್ಣ ಸ್ಪ್ರಿಂಗ್ ವಾಷರ್ ಇಲ್ಲ. ಕಿರುಬೆರಳಿನ ಉಗುರಿನಷ್ಟಿರುವ ಉಂಗುರ.

ನೆಲ ಗುಡಿಸಿದೆ. ಅಯಸ್ಕಾಂತ ಆಡಿಸಿದೆ. ಏಪ್ರನ್ ಕೊಡವಿದೆ. ಚಪ್ಪಲಿ ಮಗುಚಿ ನೋಡಿದೆ. ಇವರೂ ಸ್ಟೂಲಿನಿಂದ ಎದ್ದು ಮೇಜೆಲ್ಲ ಸವರಿದರು. ಇಲ್ಲ.

ಶಾಫ್ಟಿನ ಕೆಳಗೇ ಎಂಟು ತೂತುಗಳಿವೆ. ಕೈ ಜಾರಿದರೆ ನೇರ ಎಂಜಿನ್ನಿನ ಹೊಟ್ಟೆಗೆ.

ಲೇತಿನವನು ಬೋಲ್ಟ್ ಕೊಡಲು ಬಂದವನು ನಕ್ಕುಬಿಟ್ಟ. "ಒಂದು ವಾಷರ್ ತಾನೇ ಸಿಸ್ಟರ್? ಮುಷ್ಟಿ ತುಂಬ ಕೊಡ್ತೀನಿ. ಒಂದು ಹಾಕಿ ಮುಚ್ಚಿ."

"ಹೊಸದು ಹಾಕಬಹುದು ಮಾರಾಯ. ಹಳೇದು ಎಲ್ಲಿದೆ?"

ಅವನಿಗೆ ಅರ್ಥವಾಗಲಿಲ್ಲ. ನಾನು ಆಸ್ಪತ್ರೆಯ ಕೆಲಸಕ್ಕೆ ಸೇರಿ ಮೂರನೇ ವರ್ಷ ಅದು. ಹೊಟ್ಟೆಯ ಆಪರೇಷನ್, ಕೊನೆಯಲ್ಲಿ ರಕ್ತ ಒರೆಸುವ ಗಾಜ್ ಬಟ್ಟೆ ಒಂದು ಕಮ್ಮಿ. ದೊಡ್ಡ ಡಾಕ್ಟರು ಹೊಲಿಗೆ ಸೂಜಿಗೆ ಕೈ ಚಾಚಿದ್ದಾರೆ, ನಾನು ಕೊಡಲಿಲ್ಲ. "ಕೌಂಟ್ ಸರಿ ಇಲ್ಲ ಸರ್." ಕೂಗಾಡಿದರು. ಆದರೂ ಕೊಡಲಿಲ್ಲ. ಕೊನೆಗೆ ಗಾಜ್ ಸಿಕ್ಕಿದ್ದು ಅವರ ಚಪ್ಪಲಿಯ ಅಡಿಗೆ ಅಂಟಿಕೊಂಡು. ಆತ ಕ್ಷಮೆ ಕೇಳಿದವರಲ್ಲ. ಆದರೆ ರಿಟೈರ್ ಆಗುವವರೆಗೂ ನಾನು ತಲೆ ಆಡಿಸದೆ ಒಂದು ಹೊಟ್ಟೆಯನ್ನೂ ಮುಚ್ಚಲಿಲ್ಲ.

ಇವರಿಗೆ ಹೇಳಿದೆ. "ನಾಳೆಯಿಂದ ಬಿಚ್ಚಬೇಕು."

"ಪೂರ್ತಿ?"

"ಸಿಗೋವರೆಗೆ."

"ಹಾಗಾದ್ರೆ ಬಿಚ್ಚೋಣ" ಎಂದರು. ಒಂದು ಮಾತು ಎದುರಾಡಲಿಲ್ಲ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾರೆ.

ಮೇ 7

ಕೆಳಗಿನ ಎಣ್ಣೆ ತಟ್ಟೆ ಇಳಿಸಿದೆ. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದೆ. ಏನೂ ಇಲ್ಲ.

ಮೇ 9, ಶನಿವಾರ

ಮೇಲಿನ ಭಾಗ ಎತ್ತಿದೆ. ಇಲ್ಲ. ಇವರ ಹುರುಪು ನೋಡಬೇಕು. ಟೀ ಅವರೇ ಮಾಡಿ ತಂದರು, ತಟ್ಟೆಯಲ್ಲಿ ಅರ್ಧ ಚೆಲ್ಲಿಕೊಂಡು. ಒಂದೊಂದು ಬೋಲ್ಟನ್ನೂ ಬೆರಳಲ್ಲಿ ಸವರಿ ಅದರ ಚರಿತ್ರೆ ಹೇಳುತ್ತಾರೆ. ಇದು ಬೆಟ್ಟದ ಏಳನೇ ತಿರುವಿನಲ್ಲಿ ತುಂಡಾದದ್ದು, ಇದು ಮೀಸೆಯಿಂದ ಎರವಲು ತಂದು ವಾಪಸ್ ಕೊಡದ್ದು. ಕಣ್ಣಿಗೆ ಹಾಕಿದ ಔಷಧಿ ಮೈಗೂ ಹತ್ತಿದ ಹಾಗಿದೆ. ನನಗೆ ಮಾತ್ರ ಸೊಂಟ ಬಗ್ಗಿಸಲಾಗುತ್ತಿಲ್ಲ.

ಮೇ 14, ಗುರುವಾರ

ಪಿಸ್ಟನ್ನುಗಳೂ ಹೊರಗೆ. ಮಾರ್ಚಿನಲ್ಲಿ ಎಲ್ಲಿದ್ದೆವೋ ಅಲ್ಲಿಗೇ ಬಂದು ನಿಂತೆವು. ವಾಷರ್ ಇಲ್ಲ.

ಹಾಗಾದರೆ ಅದು ಎಂಜಿನ್ನಿನೊಳಗೆ ಬಿದ್ದೇ ಇಲ್ಲ. ಹಾಗಾದರೆ... ಮೊದಲ ಎಣಿಕೆಯೇ ತಪ್ಪಿರಬೇಕು. ನಲವತ್ತೇ ಇದ್ದವೇನೋ. ನಾನೇ ಒಂದು ಜಾಸ್ತಿ ಬರೆದೆನೇನೋ.

ಮೂವತ್ನಾಲ್ಕು ವರ್ಷದಲ್ಲಿ ನನ್ನ ಎಣಿಕೆ ಒಮ್ಮೆಯೂ ತಪ್ಪಿದ್ದಿಲ್ಲ. ಕೆಲಸ ಬಿಟ್ಟು ಒಂದೂವರೆ ವರ್ಷಕ್ಕೇ ಹೀಗಾಯಿತೇ? ಮಧ್ಯಾಹ್ನ ಅಡುಗೆಮನೆಯಲ್ಲಿ ಚಮಚಗಳನ್ನು ಎಣಿಸಿದೆ. ಎರಡು ಸಲ. ಇವರು ಬಂದು "ಏನು ಮಾಡ್ತಿದ್ದೀಯ?" ಎಂದರು. "ಏನಿಲ್ಲ, ನನಗೂ ವಯಸ್ಸಾಯ್ತು" ಎಂದೆ. ಅಳು ಬಂತು. ಅವರು ಬಾಗಿಲಲ್ಲೇ ನಿಂತರು. ಕೆಮ್ಮಿದರು. ಹೊರಟುಹೋದರು.

ಸಂಜೆ ಮೀಸೆಯ ಫೋನು. ಭಾನುವಾರ ಬಿಟ್ಟು ಮುಂದಿನ ಭಾನುವಾರ, 24ಕ್ಕೆ ಬರುತ್ತಾನಂತೆ. ಟ್ರೇಲರ್ ಸಮೇತ.

ಮೇ 19, ಮಂಗಳವಾರ. ಬೆಳಿಗ್ಗೆ 9

ಸಿಕ್ಕಿತು.

ಇವರು ಸ್ನಾನಕ್ಕೆ ಹೋಗಿದ್ದರು. ಒಗೆಯಲು ಬೂದು ಶರ್ಟು ತೆಗೆದುಕೊಂಡೆ. ಜೇಬು ನೋಡದೆ ನಾನು ಯಾವ ಬಟ್ಟೆಯನ್ನೂ ನೀರಿಗೆ ಹಾಕುವುದಿಲ್ಲ. ಕರ್ಚೀಫು. ಕಣ್ಣಿನ ಔಷಧಿಯ ಮುಚ್ಚಳ. ಕರ್ಚೀಫಿನ ಗಂಟಿನಲ್ಲಿ — ವಾಷರ್.

ಮೈಯೆಲ್ಲ ಉರಿದುಹೋಯಿತು. ಎರಡು ವಾರ. ನನ್ನ ಸೊಂಟ. ಆ ಚಮಚಗಳು. ಸ್ನಾನದ ಮನೆಯ ಬಾಗಿಲು ಬಡಿದು ಅಲ್ಲೇ ನಿಂತು ಕೇಳಿಬಿಡೋಣ ಅನಿಸಿತು. ಕೈ ಎತ್ತಿದ್ದೆ ಕೂಡ. ಒಳಗಿನಿಂದ ಮೂಗಿನ ಹಾಡು ಕೇಳಿಸಿತು. ಕೈ ಇಳಿಸಿದೆ.

ಕೈ ತಪ್ಪಿ ಜೇಬಿಗೆ ಬಿದ್ದದ್ದಲ್ಲ ಇದು, ಗಂಟು ಹಾಕಿದ್ದಾರೆ. ಒಂದು ಕಮ್ಮಿಯಾದರೆ ನಾನು ಮುಚ್ಚುವುದಿಲ್ಲ ಎಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಇವರಿಗೆ. ಮುಚ್ಚದಿದ್ದರೆ ಗಾಡಿ ಓಡುವುದಿಲ್ಲ. ಓಡದಿದ್ದರೆ ಹೋಗುವುದಿಲ್ಲ.

ಅಂದರೆ ಇವರಿಗೂ ಬೇಡ.

ವಾಷರನ್ನು ಗಾಜ್ ತುಂಡಿನಲ್ಲಿ ಸುತ್ತಿ ನನ್ನ ಏಪ್ರನ್ ಜೇಬಿಗೆ ಹಾಕಿಕೊಂಡೆ. ಇಸ್ತ್ರಿ ಶರ್ಟು ತೆಗೆದು ಮಂಚದ ಮೇಲೆ ಇಟ್ಟೆ.

ಅದೇ ದಿನ, 11.30

ಸ್ನಾನ ಮಾಡಿ ಬಂದವರು ಶರ್ಟು ತೊಟ್ಟು ಜೇಬು ಮುಟ್ಟಿಕೊಂಡರು.

"ಹಳೇ ಶರ್ಟ್ ಎಲ್ಲಿ?"

"ಒಗೆದು ಹಾಕಿದೆ."

"ಜೇಬು ನೋಡಿದ್ಯಾ?"

"ಯಾಕೆ, ಏನಿತ್ತು?"

"ಏನಿಲ್ಲ... ಕರ್ಚೀಫು."

"ಅದನ್ನೂ ಒಗೆದೆ."

ಈಗ ಕಿಟಕಿಯಿಂದ ನೋಡುತ್ತಿದ್ದೇನೆ. ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀರು ಹೋಗುವ ತೂತಿನ ಸುತ್ತ ಬೆರಳಾಡಿಸುತ್ತಿದ್ದಾರೆ. ಕತ್ತು ಒಮ್ಮೆ ಎಡಕ್ಕೆ ಓರೆ, ಒಮ್ಮೆ ಬಲಕ್ಕೆ. ಪಾಪ ಅನಿಸುತ್ತದೆ. ಪೂರ್ತಿ ಅಲ್ಲ, ಮುಕ್ಕಾಲು.

ಮೇ 21, ಗುರುವಾರ

ಜೋಡಿಸಲು ಶುರು ಮಾಡಿದ್ದೇವೆ. ಪಿಸ್ಟನ್ನು, ಎಣ್ಣೆ ತಟ್ಟೆ, ಮೇಲಿನ ಭಾಗ. ಇವರ ಹಾಡು ನಿಂತಿದೆ. ಬಾಲ ಸುಟ್ಟ ಬೆಕ್ಕಿನ ಹಾಗೆ ಶೆಡ್ಡಿಗೂ ಹಿತ್ತಲಿಗೂ ಓಡಾಡುತ್ತಾರೆ. ಬೆಳಿಗ್ಗೆ ಮೆಲ್ಲಗೆ, "ಒಂದು ಹೊಸ ವಾಷರ್ ಹಾಕಿಬಿಡಬಹುದಲ್ವಾ? ಎಂಜಿನ್ ಒಳಗೆ ಇಲ್ಲ ಅಂತ ಖಚಿತ ಆಯ್ತಲ್ಲ" ಎಂದರು.

"ಹಳೇದು ಎಲ್ಲಿದೆ ಅಂತ ಗೊತ್ತಾಗ್ಲಿ" ಎಂದೆ.

ನುಂಗಿಕೊಂಡರು. ನನಗೆ ಇಷ್ಟೊಂದು ಗುಮ್ಮನಗುಸುಕತನ ಎಲ್ಲಿಂದ ಬಂತೋ. ಎರಡು ವಾರ ನನ್ನನ್ನು ಆಟ ಆಡಿಸಿದ್ದಾರೆ, ನಾಲ್ಕು ದಿನ ನಾನೂ ಆಡಿಸುತ್ತೇನೆ. ಅವರೇ ಬಾಯಿಬಿಟ್ಟು "ಕೊಡೋದು ಬೇಡ" ಎನ್ನಲಿ ಎಂದು ಕಾಯುತ್ತಿದ್ದೇನೆ. ನಾನಾದರೂ ಅನ್ನಬಹುದು. ಆದರೆ ಮೀಸೆಗೆ ಮಾತು ಕೊಟ್ಟವರು ಅವರು. ನಾನು ಅಂದರೆ ನನಗೋಸ್ಕರ ಮಾತು ಮುರಿದ ಹಾಗೆ, ಜೀವನವಿಡೀ ಅವರಿಗೆ ಮುಳ್ಳು.

ಭಾನುವಾರಕ್ಕೆ ಮೂರು ದಿನ.

ಮೇ 24, ಭಾನುವಾರ. ಸಂಜೆ 5

ಎಲ್ಲ ಕ್ರಮವಾಗಿ ಬರೆಯುತ್ತೇನೆ.

ಹತ್ತೂವರೆಗೆ ಮೀಸೆ ಬಂದ. ಮೀಸೆ ಪೂರ್ತಿ ಬೆಳ್ಳಗಾಗಿದೆ, ಗಾತ್ರ ಮಾತ್ರ ಹಾಗೇ ಇದೆ. ಗೇಟಿನ ಹೊರಗೆ ಟ್ರೇಲರ್, ರಸ್ತೆಗೆ ಅಡ್ಡ. ಇವರು ಇಸ್ತ್ರಿ ಶರ್ಟು ಹಾಕಿಕೊಂಡು ಬೆಳಿಗ್ಗೆ ಆರರಿಂದ ತಯಾರು. ಕೈಗೆ ಕೆಲಸವಿಲ್ಲದೆ ಒಂದೇ ಸ್ಪ್ಯಾನರನ್ನು ಒರೆಸುತ್ತಾ ಕೂತಿದ್ದರು.

ಮೀಸೆ ಗಾಡಿಯ ಸುತ್ತ ಎರಡು ಸಲ ಬಂದ. ಹೊಸ ಹಸಿರು ಬಣ್ಣದ ಮೇಲೆ ಕೈ ಇಟ್ಟ, ಒತ್ತಲಿಲ್ಲ. ಸುಮ್ಮನೆ ಇಟ್ಟ. ಕೆಟ್ಟವನಲ್ಲ, ಗಾಡಿ ಕಂಡರೆ ಅವನಿಗೂ ಮಾತು ಹೊರಡುವುದಿಲ್ಲ. ಆಮೇಲೆ ಟ್ರಾಲಿಯ ಮೇಲಿನ ಎಂಜಿನ್ ನೋಡಿದ. ಮುಚ್ಚಳ ತೆರೆದೇ ಇತ್ತು.

"ಮುಗೀಲಿಲ್ವಾ ಇನ್ನೂ?"

ಇವರು ನನ್ನ ಕಡೆ ತಿರುಗಿದರು. ವಾಷರ್ ನನ್ನ ಏಪ್ರನ್ ಜೇಬಿನಲ್ಲಿತ್ತು. ಸಿಕ್ಕಿದೆ, ಅರ್ಧ ಗಂಟೆಯ ಕೆಲಸ ಎನ್ನಬೇಕೆಂದೇ ಬಾಯಿ ತೆರೆದೆ. ನಿಜವಾಗಿಯೂ. ಬಂದ ಮಾತು ಬೇರೆ.

"ಮೂರನೇ ಟ್ರೇಯಲ್ಲಿ ಒಂದು ಕಮ್ಮಿ. ಕೌಂಟ್ ಸರಿಯಾಗ್ದೆ ಮುಚ್ಚೋ ಹಾಗಿಲ್ಲ."

ಎಷ್ಟು ಜನ ಸರ್ಜನ್ನರು, ಎಷ್ಟು ಸಾವಿರ ಹೊಟ್ಟೆಗಳು. ಒಮ್ಮೆಯೂ ಸುಳ್ಳು ಎಣಿಕೆ ಹೇಳಿದವಳಲ್ಲ.

ಮೀಸೆ ವಾಷರಿನ ಕಥೆಯೆಲ್ಲ ಕೇಳಿಸಿಕೊಂಡ. "ಅಷ್ಟೇನಾ? ಹಾಗೇ ಟ್ರೇಲರಿಗೆ ಹತ್ತಿಸೋಣ. ನನ್ನ ಮೆಕ್ಯಾನಿಕ್ಕುಗಳು ಎರಡು ದಿನದಲ್ಲಿ ಮುಚ್ತಾರೆ." ಟ್ರೇಲರಿನಿಂದ ಹಗ್ಗ ತಂದ. ತಂದವನು ನನ್ನ ಕಡೆ ನೋಡಿ, ಸಮಾಧಾನ ಮಾಡುವ ದನಿಯಲ್ಲಿ, "ನೀವು ತಲೆ ಕೆಡಿಸ್ಕೋಬೇಡಿ ಸಿಸ್ಟರ್. ಈ ವಯಸ್ಸಲ್ಲಿ ಎಣಿಕೆ ಒಂದೊಂದ್ಸಲ ತಪ್ಪುತ್ತೆ" ಎಂದ.

"ತಪ್ಪಿಲ್ಲ."

ಇವರು. ಸ್ಪ್ಯಾನರ್ ಮೇಜಿನ ಮೇಲೆ ಇಟ್ಟು ಎದ್ದು ನಿಂತಿದ್ದರು.

"ಅವಳ ಎಣಿಕೆ ತಪ್ಪಿಲ್ಲ. ನಲವತ್ತೊಂದೇ ಇತ್ತು. ಒಂದನ್ನ ನಾನು ಎತ್ತಿಟ್ಟಿದ್ದೆ. ಜೇಬಲ್ಲಿಟ್ಟು, ಅದೂ ಒಗೆಯೋವಾಗ ಮೋರಿಗೆ ಹೋಯ್ತು. ಅವಳು ಎರಡು ವಾರ ಎಂಜಿನ್ ಬಿಚ್ಚಿದ್ಲು, ನಾನು ಪಕ್ಕದಲ್ಲಿ ಕೂತು ನೋಡ್ತಾ ಇದ್ದೆ. ಅವಳಿಗೆ ವಯಸ್ಸಾಗಿಲ್ಲ. ನನಗೇ ಬುದ್ಧಿ ಇಲ್ಲ."

ಮೀಸೆ ಹಗ್ಗ ಹಿಡಿದುಕೊಂಡೇ ಇದ್ದ. "ಯಾಕೋ?"

ಉತ್ತರ ಮೀಸೆಗೆ ಹೇಳಲಿಲ್ಲ. ಕತ್ತು ಓರೆ ಮಾಡಿ ನನ್ನನ್ನು ಹುಡುಕಿ, ನನಗೆ ಹೇಳಿದರು. "ಮುಗಿದ್ರೆ ನೀನು ಮನೆಯೊಳಗೆ ಹೋಗ್ತೀಯ. ಆಮೇಲೆ ನಾನು ಎಲ್ಲಿ ಕೂತ್ಕೊಳ್ಳಲಿ?"

ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ನನ್ನನ್ನು ಏನನ್ನೂ ಹೀಗೆ ಕೇಳಿದ್ದಿಲ್ಲ. ನಾನು ಇವರನ್ನು ತುಂಬಾ ಪ್ರೀತಿಸುತ್ತೇನೆ ಎಂದು ನನಗೇ ಆಗ ಸ್ಪಷ್ಟವಾಗಿ ತಿಳಿಯಿತು, ಎಣ್ಣೆ ಮೆತ್ತಿದ ಮೇಜಿನ ಎದುರು, ಮೂರನೆಯವನೊಬ್ಬ ಹಗ್ಗ ಹಿಡಿದು ನಿಂತಿರುವಾಗ.

ಮೀಸೆ ಮೀಸೆಯನ್ನು ಮೂರು ಸಲ ಸವರಿದ. "ಅಂದ್ರೆ ಕೊಡೋ ಮನಸ್ಸಿಲ್ಲ."

"ಇಲ್ಲ. ಮಾತು ಕೊಟ್ಟಿದ್ದೆ. ಏನು ಬೇಕಾದ್ರೂ ಅನ್ನು" ಎಂದರು ಇವರು.

"ಅನ್ನೋದೇನು. ನಾನಾಗಿದ್ರೆ ಎಂಜಿನ್ನನ್ನೇ ಬಚ್ಚಿಡ್ತಿದ್ದೆ." ಟೀ ಕುಡಿದ, ಬಿಸ್ಕತ್ತು ತಿಂದ. ಎರವಲು ಹೋದ ಬೋಲ್ಟನ್ನು ಮಾತ್ರ ಬಿಡಲಿಲ್ಲ, ಕೇಳಿ ತೆಗೆದುಕೊಂಡ. ಖಾಲಿ ಟ್ರೇಲರ್ ತಿರುಗಿಸಲು ಬೀದಿಯಲ್ಲಿ ಕಾಲು ಗಂಟೆ ಒದ್ದಾಡಿದ. ಇವರು ಗೇಟಿನಲ್ಲಿ ನಿಂತು ಸದ್ದು ಕೇಳಿಯೇ "ಎಡಕ್ಕೆ ಹೊಡಿ, ಇನ್ನೂ ಎಡಕ್ಕೆ" ಎಂದು ಕಲಿಸಿದರು.

ಅವನು ಹೋದ ಮೇಲೆ ಇವರ ಅಂಗೈ ಹಿಡಿದು, ಗಾಜ್ ಬಿಚ್ಚಿ, ವಾಷರ್ ಇಟ್ಟೆ. ಹೆಬ್ಬೆರಳಲ್ಲಿ ಸುತ್ತಲೂ ಸವರಿದರು.

"ಯಾವಾಗಿಂದ?"

"ಮಂಗಳವಾರದಿಂದ."

"ಮೋರಿ ಹತ್ರ ಕೂತಿದ್ದಾಗ...?"

"ಕಿಟಕಿಯಲ್ಲಿದ್ದೆ."

"ಕಳ್ಳಿ" ಎಂದರು. ಆಮೇಲೆ ತುಂಬ ಹೊತ್ತು ನಕ್ಕರು. ನನಗೂ ನಗು. ಸೊಂಟ ನೋಯುತ್ತಿತ್ತು, ಆದರೂ.

ಮೇ 25, ಸೋಮವಾರ. ಬೆಳಿಗ್ಗೆ 10.15

ಮೂರನೇ ಟ್ರೇ: ನಲವತ್ತೊಂದು. ಎಂಜಿನ್ ಮುಚ್ಚಲಾಗಿದೆ. ಮುಚ್ಚಳದ ಕೊನೆಯ ನಟ್ಟು ಇವರು ತಿರುಗಿಸಿದರು.

ಜುಲೈ 5, ಭಾನುವಾರ. ಬೆಳಿಗ್ಗೆ 8.40

ಓಡಿತು.

ನಲವತ್ತು ದಿನ ಪುಸ್ತಕ ಮುಟ್ಟಿಲ್ಲ. ಎಂಜಿನ್ ಕೂರಿಸಲು ಲೇತಿನವನು ಸರಪಳಿ ರಾಟೆ ತಂದ. ವಯರಿಂಗ್ ಒಂದು ವಾರ ತಿಂದಿತು. ಬ್ರೇಕು ಎರಡು ಸಲ ಕೈ ಕೊಟ್ಟಿತು. ಬರೆಯಲು ಪುರುಸೊತ್ತೂ ಇರಲಿಲ್ಲ, ಕೈಯೂ ಸ್ವಚ್ಛ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಬೀದಿ ಖಾಲಿ. ಇವರು ಏನೂ ಹೇಳದೆ ಕೀ ನನ್ನ ಕೈಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತರು. ಇಷ್ಟು ತಗ್ಗಿನಲ್ಲಿ ಕೂತು ನಾನು ಎಂದೂ ಗಾಡಿ ಓಡಿಸಿದ್ದಿಲ್ಲ. ರಸ್ತೆ ಮಡಿಲಲ್ಲೇ ಇದ್ದ ಹಾಗೆ. ನೀರಿನ ಟ್ಯಾಂಕಿನವರೆಗೆ ಹೋದೆವು, ಅಲ್ಲಿಂದ ದೊಡ್ಡ ರಸ್ತೆ, ಸೇತುವೆ ದಾಟಿ ವಾಪಸ್. ಏನೇನು ಕಾಣುತ್ತದೋ ಎಲ್ಲ ಹೇಳುತ್ತಾ ಓಡಿಸಿದೆ. ಮುಂದೆ ಸೈಕಲ್, ಎಡಕ್ಕೆ ತಿರುವು, ಬ್ಯಾಂಕಿನ ಮುಂದೆ ನಾಯಿ ಮಲಗಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ತಿರುವು ಬಂದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒಮ್ಮೆಯೂ ಬೈಯಲಿಲ್ಲ. ಮೂಗಿನಲ್ಲಿ ಹಾಡಿಕೊಳ್ಳುತ್ತಿದ್ದರು.

ಮನೆ ಮುಂದೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಇಬ್ಬರೂ ಇಳಿಯಲಿಲ್ಲ. ಎಲ್ಲ ಮುಗಿಯಿತು. ಇನ್ನು ಮಾಡಲು ಏನೂ ಉಳಿದಿಲ್ಲ, ಒಂದು ಸ್ಕ್ರೂ ಕೂಡ. ನನಗೆ ಅದು ಹೊಳೆದ ಹೊತ್ತಿಗೇ ಅವರಿಗೂ ಹೊಳೆದಿರಬೇಕು, ಹಾಡು ನಿಂತಿತು.

ಗೇರಿನ ಹಿಡಿಯ ಮೇಲೆ ಕೈ ಇಟ್ಟರು. "ಸೆಕೆಂಡ್ ಗೇರಲ್ಲಿ ಒಂದು ಕೊರಗೋ ಸದ್ದು ಬರ್ತಿದೆ. ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕಾಗುತ್ತೇನೋ. ನಿನಗೆ ಕೇಳಿಸ್ತಾ?"

ನನಗೆ ಏನೂ ಕೇಳಿಸಿರಲಿಲ್ಲ. ಎಂಜಿನ್ನು ಬೆಣ್ಣೆಯಂತೆ ಓಡಿತ್ತು.

"ಹೂಂ, ಕೇಳಿಸ್ತು" ಎಂದೆ. "ಥರ್ಡಲ್ಲೂ ಇದೆ."

ಒಳಗೆ ಬಂದು ಇಷ್ಟು ಬರೆಯುವಷ್ಟರಲ್ಲಿ ಶೆಡ್ಡಿನಲ್ಲಿ ಟ್ರೇ ಜೋಡಿಸುವ ಸದ್ದು. ಸ್ಟೂಲು ಎಳೆದ ಸದ್ದು. ಕರೆಯುತ್ತಿದ್ದಾರೆ, ಸೀಮೆಸುಣ್ಣ ಎಲ್ಲಿಟ್ಟಿದ್ದೀಯ ಎಂದು. ಕಿಟಕಿಯ ಹತ್ತಿರದ ಡಬ್ಬಿಯಲ್ಲೇ ಇದೆ, ಅವರ ಕೈ ತಾಗುವಲ್ಲೇ. ಹೋಗಿ ನಾನೇ ತೆಗೆದು ಕೊಡುತ್ತೇನೆ.